ಉತಾರದ ಹಾದಿಯಲ್ಲಿ ಒಂದು ಪುಟ್ಟ ಕಾರ್ಡು



ಹೊಲದ ಉತಾರ ತರಲು ಮನೆಯ ಹಿರಿಯರು ಚಿಕ್ಕೋಡಿಗೋ ಅಥಣಿಗೋ ಹೋಗಿದ್ದನ್ನು ನೀವು ನೋಡಿರಬಹುದು. ಬೆಳೆಸಾಲಕ್ಕೆ ಬ್ಯಾಂಕಿನವರು ಅದನ್ನು ಕೇಳುತ್ತಾರೆ. ಮೊದಲು ಉತಾರವನ್ನು ಕೈಯಿಂದ ಬರೆದು ಕೊಡುತ್ತಿದ್ದರು. 2000ದ ದಶಕದ ಆರಂಭದಲ್ಲಿ ‘ಭೂಮಿ’ ಯೋಜನೆ ಬಂದಿತು. ಆಗಿನಿಂದ ಕಂಪ್ಯೂಟರಿನಲ್ಲಿ ಮುದ್ರಿಸಿ ಕೊಡತೊಡಗಿದರು. ಮುಂದೆ ತಾಲ್ಲೂಕು ಕಚೇರಿಗಳನ್ನು ಜಿಲ್ಲಾ ಕೇಂದ್ರಕ್ಕೂ ಬೆಂಗಳೂರಿಗೂ ಜೋಡಿಸುವ ‘ಕೆಸ್ವಾನ್’ ಎಂಬ ಸರ್ಕಾರಿ ಜಾಲವೂ ಬಂದಿತು. 2018ರಲ್ಲಿ ನಿಪ್ಪಾಣಿ ಮತ್ತು ಕಾಗವಾಡ ಹೊಸ ತಾಲ್ಲೂಕುಗಳಾದವು. ಅಲ್ಲಿನ ಕಚೇರಿಗಳಿಗೂ ಇಂಥ ಜೋಡಣೆ ಬೇಕಾಯಿತು.

ಕಚೇರಿಯಲ್ಲಿ ‘ನೆಟ್ ಇಲ್ಲ’ ಎಂದರೆ ಸರದಿಯೆಲ್ಲ ನಿಂತುಬಿಡುತ್ತದೆ. ಕೆಲಸ ಬಿಟ್ಟು ಬಂದವರ ದಿನ ಹಾಳಾಗುತ್ತದೆ. ಹಾಗಾದರೆ ಈ ಜಾಲ ಸರಿಯಾಗಿ ನಡೆಯಲು ಏನೇನು ಬೇಕು? ಅದರಲ್ಲಿ ಒಂದು ಚಿಕ್ಕ ಭಾಗವನ್ನು ಇಂದು ತಿಳಿಯೋಣ.

ಜಾಲದ ಜಂಕ್ಷನ್

ಶೇಡಬಾಳ, ಉಗಾರ, ಕುಡಚಿ, ರಾಯಬಾಗದ ಕಡೆಯವರಿಗೆ ಮಿರಜ ಜಂಕ್ಷನ್ ಗೊತ್ತು. ಅಲ್ಲಿಂದ ಪುಣೆ, ಕೊಲ್ಲಾಪುರ, ಪಂಢರಪುರ, ಬೆಳಗಾವಿ ಕಡೆಗೆ ಹಳಿಗಳು ಕವಲೊಡೆಯುತ್ತವೆ. ಜಾಲದಲ್ಲಿ ಇಂಥ ಜಂಕ್ಷನ್ನಿನ ಕೆಲಸ ಮಾಡುವ ಪೆಟ್ಟಿಗೆಗೆ ರೂಟರ್ ಎನ್ನುತ್ತಾರೆ. ಮಾಹಿತಿಯು ಚಿಕ್ಕ ಚಿಕ್ಕ ಪೊಟ್ಟಣಗಳಾಗಿ ಬರುತ್ತದೆ. ಪ್ರತಿ ಪೊಟ್ಟಣದ ಮೇಲಿರುವ ವಿಳಾಸವನ್ನು ರೂಟರ್ ಓದಿ, ಸರಿಯಾದ ದಾರಿಗೆ ಕಳಿಸುತ್ತದೆ.

ಹಿಂದೆ ಮಿರಜದಲ್ಲಿ ಮೂರು ಬಗೆಯ ಹಳಿಗಳಿದ್ದವು: 1676 ಮಿ.ಮೀ., 1000 ಮಿ.ಮೀ. ಮತ್ತು 762 ಮಿ.ಮೀ. ಅಗಲದವು. ಒಂದರ ಗಾಡಿ ಇನ್ನೊಂದರ ಮೇಲೆ ಓಡುತ್ತಿರಲಿಲ್ಲ. ರೂಟರಿಗೂ ಬೇರೆ ಬೇರೆ ಬಗೆಯ ತಂತಿಗಳು ಬರುತ್ತವೆ. ಒಂದೊಂದಕ್ಕೂ ತಕ್ಕ ಬಾಯಿ, ಅಂದರೆ ಪೋರ್ಟು ಬೇಕು. ದೊಡ್ಡ ರೂಟರುಗಳಲ್ಲಿ ಪೋರ್ಟುಗಳಿರುವ ಕಾರ್ಡುಗಳನ್ನು ಬೇಕಾದಂತೆ ಸೇರಿಸಬಹುದು, ತೆಗೆಯಬಹುದು. ಇಥರ್ನೆಟ್ ಎಂಬ ಪದ್ಧತಿಯ ತಂತಿಗಳನ್ನು ಜೋಡಿಸುವ ಕಾರ್ಡೇ ಇಥರ್ನೆಟ್ ಕಾರ್ಡು.

ಕಾರ್ಡಿನ ಗುಣವಿವರ

ಗೊಬ್ಬರದ ಚೀಲದ ಮೇಲೆ ಅದರಲ್ಲಿ ಏನೆಷ್ಟಿದೆ ಎಂದು ಬರೆದಿರುವಂತೆ ಕಾರ್ಡಿಗೂ ಒಂದು ಗುಣವಿವರ ಪಟ್ಟಿ ಇರುತ್ತದೆ. ಅದನ್ನು ಹೀಗೆ ಓದಬೇಕು.

1. ವೇಗ: ‘10/100/1000’ ಎಂದಿದ್ದರೆ ಆ ಕಾರ್ಡು ಸೆಕೆಂಡಿಗೆ 10, 100 ಅಥವಾ 1000 ಮೆಗಾಬಿಟ್ ವೇಗದಲ್ಲಿ ಕೆಲಸ ಮಾಡಬಲ್ಲದು. ತಂತಿಯ ಎರಡೂ ತುದಿಯ ಪೋರ್ಟುಗಳು ತಾವೇ ಮಾತಾಡಿಕೊಂಡು, ಇಬ್ಬರಿಗೂ ಸಾಧ್ಯವಾಗುವ ಹೆಚ್ಚಿನ ವೇಗವನ್ನು ಆರಿಸಿಕೊಳ್ಳುತ್ತವೆ.

2. ತಂತಿ ಮತ್ತು ದೂರ: ‘1000ಬೇಸ್-ಟಿ’ ಎಂಬ ಹೆಸರಿನ ಮೊದಲ ಸಂಖ್ಯೆ ವೇಗವನ್ನು ಹೇಳುತ್ತದೆ. ‘ಟಿ’ ಎಂದರೆ ಹೆಣೆದ ತಾಮ್ರದ ತಂತಿ. ಇದರ ಮಿತಿ 100 ಮೀಟರ್. ‘1000ಬೇಸ್-ಎಲ್‌ಎಕ್ಸ್’ ಎಂದರೆ ಗಾಜಿನ ಎಳೆ. ಇದರಲ್ಲಿ ಬೆಳಕು 5 ಕಿ.ಮೀ. ದೂರಕ್ಕೂ ಸಂದೇಶ ಒಯ್ಯುತ್ತದೆ. ಗಾಜಿನಲ್ಲಿ ವಿದ್ಯುತ್ ಹರಿಯುವುದಿಲ್ಲ. ಆದ್ದರಿಂದ ಗುಡುಗು-ಮಿಂಚಿನ ದಿನಗಳಲ್ಲಿ ಎರಡು ಕಟ್ಟಡಗಳ ನಡುವೆ ಗಾಜಿನ ಎಳೆಯೇ ಕ್ಷೇಮ.

3. ಪೋರ್ಟುಗಳ ಸಂಖ್ಯೆ: 1, 2, 4 ಹೀಗೆ ಎಷ್ಟು ಜೋಡಣೆ ಸಾಧ್ಯವೆಂದು ಇದು ತಿಳಿಸುತ್ತದೆ.

4. ವಿಳಾಸ: ಪ್ರತಿ ಪೋರ್ಟಿಗೂ 48 ಬಿಟ್‌ಗಳ ಒಂದು ವಿಳಾಸವಿರುತ್ತದೆ. ಅದರ ಮೊದಲ ಅರ್ಧ ತಯಾರಕರ ಗುರುತು, ಉಳಿದರ್ಧ ಆ ಪೋರ್ಟಿನ ಗುರುತು.

ಸಪೂರ ಪೈಪಿನ ಪಾಠ

ಇನ್ನು ಮುಖ್ಯವಾದ ಮಾತಿಗೆ ಬರೋಣ. ಕಬ್ಬಿನ ಗದ್ದೆಗೆ ನದಿಯಿಂದ ಆರು ಇಂಚಿನ ಪೈಪು ಹಾಕಿ, ನಡುವೆ ಒಂದೇ ಕಡೆ ಎರಡು ಇಂಚಿನ ತುಂಡು ಜೋಡಿಸಿದರೆ ಏನಾಗುತ್ತದೆ? ನೀರು ಆ ಸಪೂರ ತುಂಡಿನಲ್ಲಿ ಹಾಯ್ದಷ್ಟೇ ಬರುತ್ತದೆ. ಜಾಲವೂ ಹಾಗೆಯೇ.

ಹಳೆಯ ದಾಖಲೆಯೊಂದರ ಚಿತ್ರ 5 ಮೆಗಾಬೈಟ್ ಇದೆ ಎನ್ನೋಣ. 1 ಬೈಟ್ ಎಂದರೆ 8 ಬಿಟ್. ಆದ್ದರಿಂದ ಅದು 40 ಮೆಗಾಬಿಟ್. 1000 ಮೆಗಾಬಿಟ್ ಕಾರ್ಡು ಅದನ್ನು 0.04 ಸೆಕೆಂಡಿನಲ್ಲಿ ಸಾಗಿಸಬಲ್ಲದು. ಆದರೆ ಊರಿನಿಂದ ಹೊರಗೆ ಹೋಗುವ ದಾರಿ 2 ಮೆಗಾಬಿಟ್‌ನದಾಗಿದ್ದರೆ? 40 ÷ 2 = 20 ಸೆಕೆಂಡು! 2005ರಲ್ಲಿ ಕೇಂದ್ರ ಸರ್ಕಾರ ರಾಜ್ಯಗಳ ಇಂಥ ಜಾಲಗಳಿಗೆ ಒಪ್ಪಿಗೆ ಕೊಟ್ಟಾಗ ಪ್ರತಿ ದಾರಿಗೆ ಕನಿಷ್ಠ ವೇಗವೆಂದು ನಿಗದಿಪಡಿಸಿದ್ದು ಇದೇ 2 ಮೆಗಾಬಿಟ್.

ಅಂದರೆ ದುಬಾರಿ ಕಾರ್ಡು ತಂದ ಮಾತ್ರಕ್ಕೆ ಸರದಿ ಕರಗುವುದಿಲ್ಲ. ದಾರಿ ಎಲ್ಲಿ ಇಕ್ಕಟ್ಟಾಗಿದೆ ಎಂದು ಮೊದಲು ಹುಡುಕಬೇಕು. ದಾರಿ ಅಗಲವಿದ್ದು ಕಾರ್ಡೇ ನಿಧಾನವಾಗಿದ್ದರೆ ಆಗ ಕಾರ್ಡು ಬದಲಿಸಬೇಕು. ಗುಣವಿವರ ಓದಬೇಕಾದದ್ದು ಇದಕ್ಕಾಗಿಯೇ.

ಎಲ್ಲರೂ ಒಪ್ಪಿದ ನಿಯಮ

ಇಥರ್ನೆಟ್ ಹುಟ್ಟಿದ್ದು 1973ರಲ್ಲಿ, ಅಮೆರಿಕದ ಜೆರಾಕ್ಸ್ ಕಂಪನಿಯ ಸಂಶೋಧನಾ ಕೇಂದ್ರದಲ್ಲಿ. ರಾಬರ್ಟ್ ಮೆಟ್‌ಕಾಫ್ ಮತ್ತು ಡೇವಿಡ್ ಬಾಗ್ಸ್ ಇದನ್ನು ರೂಪಿಸಿದರು. ಆಗ ಅದರ ವೇಗ ಸೆಕೆಂಡಿಗೆ 2.94 ಮೆಗಾಬಿಟ್. 1983ರಲ್ಲಿ ‘802.3’ ಎಂಬ ಹೆಸರಿನ ಮಾನಕ ಸಿದ್ಧವಾಯಿತು. ಮಾನಕ ಎಂದರೆ ತಯಾರಕರೆಲ್ಲ ಪಾಲಿಸುವ ನಿಯಮ. ವೇಗವು 1995ರಲ್ಲಿ 100, 1998ರಲ್ಲಿ 1000, 2002ರಲ್ಲಿ 10,000 ಮೆಗಾಬಿಟ್‌ಗೆ ಏರಿತು. ಒಂದು ಕಂಪನಿಯ ಕಾರ್ಡಿನಿಂದ ಹೊರಟ ಸಂದೇಶವನ್ನು ಇನ್ನೊಂದು ಕಂಪನಿಯ ಕಾರ್ಡು ಓದಬಲ್ಲದು. ಈ ಮಾನಕವೇ ಅದಕ್ಕೆ ಕಾರಣ. ಹಳಿಗಳ ಅಗಲ ಒಂದೇ ಆದ ಮೇಲೆ ಮಿರಜದಲ್ಲಿ ಗಾಡಿಗಳು ನೇರವಾಗಿ ಮುಂದೆ ಸಾಗಲು ಸಾಧ್ಯವಾದಂತೆ!

ಮಾಡಿ ನೋಡಿ

ಶಾಲೆಯ ಕಂಪ್ಯೂಟರ್ ಕೋಣೆಯಲ್ಲಿ ಬಿಡಿಯಾಗಿರುವ ಜಾಲದ ತಂತಿ ಇದ್ದರೆ ಗುರುಗಳನ್ನು ಕೇಳಿ ಪಡೆಯಿರಿ. ಅದರ ತುದಿಯ ಪಾರದರ್ಶಕ ಪ್ಲಗ್ಗಿನಲ್ಲಿ ಎಷ್ಟು ಬಣ್ಣದ ಎಳೆಗಳಿವೆ, ಎಣಿಸಿ. ಸಾಮಾನ್ಯವಾಗಿ 8 ಇರುತ್ತವೆ, ಅಂದರೆ 4 ಜೋಡಿ. ವಿದ್ಯುತ್ ಸಂಪರ್ಕವಿರುವ ಪೆಟ್ಟಿಗೆಯನ್ನು ಮಾತ್ರ ತೆರೆಯಬೇಡಿ.

ಲೆಕ್ಕ ಮಾಡಿ

1. 5 ಮೆಗಾಬೈಟ್ ಚಿತ್ರವು 10 ಮೆಗಾಬಿಟ್ ದಾರಿಯಲ್ಲಿ ಸಾಗಲು ಎಷ್ಟು ಸೆಕೆಂಡು ಬೇಕು?

2. ಎರಡು ಕಟ್ಟಡಗಳ ನಡುವೆ 300 ಮೀಟರ್ ದೂರವಿದೆ. ಯಾವ ಬಗೆಯ ಕಾರ್ಡು ಆರಿಸುವಿರಿ? ಏಕೆ?