ಫ್ಲೋರೈಡಿನ ಮಿತಿ: ದೇಶಕ್ಕೊಂದು ಲೆಕ್ಕ

ಒಂದು ಲೀಟರ್ ಕುಡಿಯುವ ನೀರಿನಲ್ಲಿ ಫ್ಲೋರೈಡ್ ಎಷ್ಟಿರಬಹುದು ಎಂಬ ಪ್ರಶ್ನೆಗೆ ವಿಶ್ವ ಆರೋಗ್ಯ ಸಂಸ್ಥೆ 1.5 ಮಿಲಿಗ್ರಾಂ ಎನ್ನುತ್ತದೆ. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ 4 ಮಿಲಿಗ್ರಾಂವರೆಗೆ ಬಿಡುತ್ತದೆ. ಭಾರತೀಯ ಮಾನಕ ಬ್ಯೂರೋದ ಐಎಸ್ 10500 ಎಂಬ ಮಾನದಂಡವು 1 ಮಿಲಿಗ್ರಾಂ ದಾಟಬಾರದೆಂದು ಹೇಳಿ, ಬೇರೆ ಜಲಮೂಲವೇ ಇಲ್ಲದ ಕಡೆ 1.5ರವರೆಗೆ ಸಡಿಲಿಸುತ್ತದೆ. ಹಲ್ಲು, ಮೂಳೆಗಳು ಎಲ್ಲ ದೇಶದವರಿಗೂ ಒಂದೇ ಆಗಿದ್ದರೂ ಮಿತಿಗಳು ಹೀಗೆ ಬೇರೆಯಾಗುವುದಕ್ಕೆ ವಿಜ್ಞಾನದಷ್ಟೇ ಹವೆ, ಹಣ ಮತ್ತು ಕಾನೂನು ಕಾರಣವಾಗಿವೆ.

ನೀರಿನಲ್ಲಿರುವ ರಾಸಾಯನಿಕಗಳ ಮಿತಿಯನ್ನು ಗೊತ್ತುಮಾಡುವಾಗ ವಿಶ್ವ ಆರೋಗ್ಯ ಸಂಸ್ಥೆಯು ಸಾಮಾನ್ಯವಾಗಿ 60 ಕಿಲೋ ತೂಕದ ವಯಸ್ಕ ದಿನಕ್ಕೆ 2 ಲೀಟರ್ ನೀರು ಕುಡಿಯುತ್ತಾನೆಂದು ಇಟ್ಟುಕೊಳ್ಳುತ್ತದೆ. ಬಯಲುಸೀಮೆಯ ಬೇಸಿಗೆಯಲ್ಲಿ ಹೊಲದಲ್ಲಿ ದುಡಿಯುವವರಿಗೆ ಈ ಲೆಕ್ಕ ಹೊಂದುವುದಿಲ್ಲ. ಅವರು ಕುಡಿಯುವ ನೀರು ಹೆಚ್ಚಾದಷ್ಟೂ ಮೈಸೇರುವ ಫ್ಲೋರೈಡ್ ಕೂಡ ಹೆಚ್ಚುತ್ತದೆ. ಹವೆಯನ್ನು ನೋಡಿಕೊಂಡು ಮಿತಿ ಇಳಿಸಿಕೊಳ್ಳಬೇಕೆಂದು ಆ ಸಂಸ್ಥೆಯೇ ಸೂಚಿಸಿದೆ. ತುಮಕೂರು ಜಿಲ್ಲೆಯ ಪಾವಗಡದಂಥ ತಾಲ್ಲೂಕುಗಳಲ್ಲಿ ಗ್ರಾನೈಟ್ ಬಂಡೆಯೊಳಗಿನ ಖನಿಜಗಳಿಂದ ಕೊಳವೆಬಾವಿಯ ನೀರಿಗೆ ಫ್ಲೋರೈಡ್ ಬೆರೆಯುತ್ತದೆ. ಅಂಥ ನೀರು ಕುಡಿದ ಮಕ್ಕಳ ಹಲ್ಲಿನ ಮೇಲೆ ಮೊದಲು ಸುಣ್ಣದಂಥ ಬಿಳಿ ಮಚ್ಚೆಗಳೂ ಬಳಿಕ ಕಂದು ಪಟ್ಟೆಗಳೂ ಮೂಡುತ್ತವೆ. ಸೇವನೆ ವರ್ಷಗಟ್ಟಲೆ ಮುಂದುವರಿದರೆ ಕೀಲುಗಳು ಬಿಗಿದು ಬೆನ್ನು ಬಗ್ಗಿಸುವುದೂ ಕಷ್ಟವಾಗುತ್ತದೆ.

ಅಮೆರಿಕವು 4ನ್ನು ಆರಿಸಿಕೊಂಡದ್ದು ಈ ಮೂಳೆಯ ಕಾಯಿಲೆಯನ್ನು ತಡೆಯುವುದಕ್ಕೆ. ಹಲ್ಲಿನ ಕಲೆಯನ್ನು ಅಂದದ ಸಮಸ್ಯೆಯೆಂದು ಎಣಿಸಿ, ಕಡ್ಡಾಯವಲ್ಲದ 2 ಮಿಲಿಗ್ರಾಂ ಮಿತಿಯನ್ನು ಪಕ್ಕದಲ್ಲಿ ಇರಿಸಿತು. ಕಲೆಬಿದ್ದ ಹಲ್ಲಿನ ಮಗುವಿಗೆ ಈ ವಿಂಗಡಣೆಯಿಂದ ಸಮಾಧಾನವಾಗಲಾರದು. 4 ಮಿಲಿಗ್ರಾಂ ಹೆಚ್ಚಾಯಿತು, ಇಳಿಸಬೇಕು ಎಂದು ಅಲ್ಲಿನ ರಾಷ್ಟ್ರೀಯ ಸಂಶೋಧನಾ ಮಂಡಳಿಯ ಸಮಿತಿ 2006ರಲ್ಲೇ ಹೇಳಿತ್ತು. ಇನ್ನು, ಅಗ್ನಿಶಿಲೆಗಳ ನಾಡಾದ ಟಾಂಜಾನಿಯಾ ತನ್ನ ಹಳ್ಳಿಗಳಿಗೆ ಬಹುಕಾಲ 8 ಮಿಲಿಗ್ರಾಂವರೆಗೆ ಒಪ್ಪಿಕೊಂಡಿತ್ತು. ಅಷ್ಟು ಫ್ಲೋರೈಡ್ ನಿರಪಾಯವೆಂದಲ್ಲ, ಬೇರೆ ನೀರಿಲ್ಲದ ಜನರಿಗೆ ಬಾವಿಯನ್ನೇ ಮುಚ್ಚುವಂತಿರಲಿಲ್ಲ.

ಆರ್ಸೆನಿಕ್ ವಿಷಯದಲ್ಲಿ ಹಣದ ಪಾತ್ರ ಇನ್ನೂ ಸ್ಪಷ್ಟ. ವಿಶ್ವ ಆರೋಗ್ಯ ಸಂಸ್ಥೆ 1993ರಲ್ಲಿ ಲೀಟರಿಗೆ 10 ಮೈಕ್ರೋಗ್ರಾಂ, ಅಂದರೆ ಮಿಲಿಗ್ರಾಮಿನ ನೂರನೆಯ ಒಂದು ಭಾಗ, ಎಂದು ಸೂಚಿಸಿತು. ಅಮೆರಿಕ 50ರಿಂದ 10ಕ್ಕೆ ಇಳಿಯಲು 2001ರಲ್ಲಿ ನಿರ್ಧರಿಸಿ, ಶುದ್ಧೀಕರಣದ ಖರ್ಚಿನ ಬಗ್ಗೆ ಸಣ್ಣ ಊರುಗಳ ಆಕ್ಷೇಪಗಳ ನಡುವೆ 2006ರಲ್ಲಿ ಜಾರಿಗೆ ತಂದಿತು. ಕೈಪಂಪುಗಳ ನೀರಿನಲ್ಲೇ ಆರ್ಸೆನಿಕ್ ಹೊತ್ತಿರುವ ಬಾಂಗ್ಲಾದೇಶ 50ರಲ್ಲೇ ಉಳಿಯಿತು. ಡೆನ್ಮಾರ್ಕ್ 5ಕ್ಕೆ ಇಳಿದಿದೆ.

ಕೆಲವು ಅಂತರಗಳು ಬರೀ ಕಾಗದದ ಮೇಲಿನವು: ನೈಟ್ರೇಟಿಗೆ ಅಮೆರಿಕದ ಮಿತಿ ಲೀಟರಿಗೆ 10 ಮಿಲಿಗ್ರಾಂ, ಭಾರತದ್ದು 45. ಮೊದಲನೆಯದು ನೈಟ್ರೇಟಿನೊಳಗಿನ ಸಾರಜನಕವನ್ನು ಮಾತ್ರ ಅಳೆಯುವುದರಿಂದ ಎರಡೂ ಹೆಚ್ಚುಕಡಿಮೆ ಒಂದೇ.

ನಿಜವಾದ ಅಂತರವಿರುವುದು ಮಿತಿಯ ಹಿಂದಿನ ಕಾನೂನಿನಲ್ಲಿ. ಅಮೆರಿಕದ 1974ರ ಸುರಕ್ಷಿತ ಕುಡಿಯುವ ನೀರಿನ ಕಾಯ್ದೆಯ ಪ್ರಕಾರ ಸರಬರಾಜುದಾರರು ಮಿತಿ ಪಾಲಿಸಲೇಬೇಕು, ಪಾಲಿಸದಿದ್ದರೆ ನಾಗರಿಕರು ನ್ಯಾಯಾಲಯಕ್ಕೆ ಹೋಗಬಹುದು. ಜಲಜೀವನ್ ಮಿಷನ್ ಅಡಿಯಲ್ಲಿ ಭಾರತದ ಹಳ್ಳಿಗಳಲ್ಲಿ ತರಬೇತಿ ಪಡೆದ ಮಹಿಳೆಯರು ಪರೀಕ್ಷಾ ಕಿಟ್ ಹಿಡಿದು, ನೀರಿಗೆ ದ್ರಾವಣದ ಹನಿ ಬಿಟ್ಟು, ಬಂದ ಬಣ್ಣವನ್ನು ಪಟ್ಟಿಯೊಂದಿಗೆ ತಾಳೆನೋಡುತ್ತಾರೆ. ಆದರೆ ಅವರು ಯಾವ ಅಂಕಿಗೆ ಹೋಲಿಸುತ್ತಾರೋ ಆ ಐಎಸ್ 10500, ನಲ್ಲಿ ನೀರು ಒದಗಿಸುವ ಸಂಸ್ಥೆಗಳ ಪಾಲಿಗೆ ತನ್ನಷ್ಟಕ್ಕೆ ಕಡ್ಡಾಯವಲ್ಲ.