ಶಿವಗಂಗೆಯಲ್ಲಿ ಶಾಂತಲೆ ಹಾರಿದಳಾ?

ಪೀಣ್ಯದ ನಮ್ಮ ಆಫೀಸಿನಲ್ಲಿ ಟ್ರೆಕ್ಕಿಂಗ್ ಅಂದ್ರೆ ಶಿವಗಂಗೆ. ತುಮಕೂರು ರಸ್ತೆ ಹಿಡಿದು ನೆಲಮಂಗಲ ದಾಟಿ, ಡಾಬಸ್‌ಪೇಟೆಯಲ್ಲಿ ಎಡಕ್ಕೆ ತಿರುಗಿದರೆ ಆಯ್ತು. ಮೇಲೆ ಹತ್ತಿದ ಮೇಲೆ ಯಾರಾದರೊಬ್ಬರು ಪ್ರಪಾತದ ಕಡೆ ಕೈ ತೋರಿಸಿ, "ಅದೇ ನೋಡಿ, ಶಾಂತಲಾ ಡ್ರಾಪ್" ಅಂತಾರೆ. ಗಂಡುಮಗು ಆಗಲಿಲ್ಲವೆಂದು ಹೊಯ್ಸಳ ರಾಣಿ ಅಲ್ಲಿಂದ ಹಾರಿ ಪ್ರಾಣ ಬಿಟ್ಟಳಂತೆ. ಆಮೇಲೆ ಎಲ್ಲರದ್ದೂ ಸೆಲ್ಫಿ.

ನನಗೆ ಈ ಕಥೆ ಯಾವತ್ತೂ ಹಿಡಿಸಿಲ್ಲ. ಯಾಕಂದ್ರೆ ವಿಷ್ಣುವರ್ಧನನ ಪಟ್ಟದರಸಿ ಶಾಂತಲೆ ಹೆದರಿ ಜಾಗ ಬಿಟ್ಟುಕೊಡುವ ಹೆಂಗಸಾಗಿ ಶಾಸನಗಳಲ್ಲಿ ಕಾಣುವುದೇ ಇಲ್ಲ. ಗೀತ, ವಾದ್ಯ, ನೃತ್ಯ ಮೂರರಲ್ಲೂ ನಿಪುಣೆ. ಬೇಲೂರಿನ ಕಪ್ಪೆ ಚೆನ್ನಿಗರಾಯನ ಗುಡಿ ಅವಳದ್ದು. 1123ರಲ್ಲಿ ಶ್ರವಣಬೆಳಗೊಳದ ಚಿಕ್ಕಬೆಟ್ಟದಲ್ಲಿ ಒಂದು ಬಸದಿ ಕಟ್ಟಿಸಿದಳು. ಅದಕ್ಕೆ ಬಂದ ಹೆಸರು ಅವಳ ಬಿರುದಿನದ್ದೇ: ಸವತಿಗಂಧವಾರಣ, ಅಂದರೆ ಸೊಕ್ಕಿದ ಸವತಿಯರ ಪಾಲಿಗೆ ಮದಗಜ! ಇಂಥವಳು ಸವತಿಗೆ ದಾರಿ ಮಾಡಿಕೊಡಲು ಹಾರಿದಳು ಅಂದ್ರೆ ಹೇಗೆ ನಂಬೋದು? ಮುಂದೆ ಪಟ್ಟಕ್ಕೆ ಬಂದ ನರಸಿಂಹ ಲಕ್ಷ್ಮೀದೇವಿಯ ಮಗ ಅನ್ನೋದು ನಿಜ. ಕಥೆ ಹುಟ್ಟೋಕೆ ಅಷ್ಟು ಸಾಕಾಯ್ತೇನೋ.

ಅವಳ ಸಾವನ್ನು ಹೇಳುವ ಕಲ್ಲು ಶಿವಗಂಗೆಯಲ್ಲಿಲ್ಲ. ಸುಮಾರು 100 ಕಿ.ಮೀ. ಆಚೆ, ಅವಳೇ ಕಟ್ಟಿಸಿದ ಆ ಬಸದಿಯಲ್ಲಿದೆ. 1131ರ ಚೈತ್ರ ಶುದ್ಧ ಪಂಚಮಿ, ಸೋಮವಾರ, ಶಿವಗಂಗೆಯ ತೀರ್ಥದಲ್ಲಿ 'ಮುಡಿಪಿ' ಸ್ವರ್ಗಸ್ಥಳಾದಳು ಎಂದು ಅದು ಹೇಳುತ್ತದೆ. ಹಾರಿದ ಮಾತಿಲ್ಲ, ಮಕ್ಕಳ ಕೊರಗಿನ ಮಾತೂ ಇಲ್ಲ. ಜೈನ ಶಾಸನಗಳಲ್ಲಿ ವ್ರತ ಹಿಡಿದು ದೇಹ ಬಿಡುವುದಕ್ಕೂ ಇದೇ ಪದ ಬಳಕೆಯಲ್ಲಿದೆ. ಜೈನ ರಾಣಿ ಶೈವ ಬೆಟ್ಟಕ್ಕೆ ಯಾಕೆ ಬಂದಳು ಅಂತ ಕೇಳ್ತೀರಾ? ಅಪ್ಪ ಮಾರಸಿಂಗಯ್ಯ ಶಿವಭಕ್ತ, ಅಮ್ಮ ಮಾಚಿಕಬ್ಬೆ ಜಿನಭಕ್ತೆ. ಆ ಮನೆಯಲ್ಲಿ ಎರಡೂ ಇತ್ತು.

ಇಂಗ್ಲೆಂಡಿನ ರಾಣಿ ಎಲೀನರ್ 1290ರಲ್ಲಿ ಲಿಂಕನ್ ಊರಿನ ಹತ್ತಿರ ತೀರಿಕೊಂಡಾಗ, ಶವಯಾತ್ರೆ ರಾತ್ರಿ ತಂಗಿದ ಕಡೆಯಲ್ಲೆಲ್ಲ ಗಂಡ ಎಡ್ವರ್ಡ್ ಶಿಲುಬೆಸ್ತಂಭ ನಿಲ್ಲಿಸಿದ, ಒಟ್ಟು 12. ಸಮಾಧಿ ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಅಬೆಯಲ್ಲಿ. ನಮ್ಮ ರಾಣಿಗೆ ಉಳಿದದ್ದು ಈ ಶಾಸನ, ಜೊತೆಗೊಂದು ಸೆಲ್ಫಿ ಪಾಯಿಂಟ್.

ಶ್ರವಣಬೆಳಗೊಳಕ್ಕೆ ಹೋದವರು ಗೊಮ್ಮಟನನ್ನು ನೋಡಿ ವಾಪಸ್ ಬಂದುಬಿಡ್ತಾರೆ. ಎದುರಿನ ಚಿಕ್ಕಬೆಟ್ಟವನ್ನೂ ಹತ್ತಿ. ಅದೇ ಶಾಸನದಲ್ಲಿ ಮಾಚಿಕಬ್ಬೆಯ ಮಾತೂ ಇದೆ. ಮಗಳು ಹೋದ ಮೇಲೆ ತಾನು ಉಳಿಯಲಾರೆನೆಂದು ಆಕೆ ಬೆಳಗೊಳಕ್ಕೆ ಬಂದು ವ್ರತ ಹಿಡಿದಳು. ಅರೆಮುಚ್ಚಿದ ಕಣ್ಣು, ಬಾಯಲ್ಲಿ ಜಿನನಾಮ, ಒಂದು ತಿಂಗಳ ಉಪವಾಸ.