ಬಿಸಿಲ ಸಾವಿನ ಲೆಕ್ಕ ಹಿಡಿದವರು

2010ರ ಮೇ 21ರಂದು ಅಹಮದಾಬಾದಿನಲ್ಲಿ ಉಷ್ಣಾಂಶ 46.8 ಡಿಗ್ರಿ ಸೆಲ್ಸಿಯಸ್ ಮುಟ್ಟಿತು. ಆ ತಿಂಗಳು ನಗರದಲ್ಲಿ ತೀರಿಕೊಂಡವರು 4,462 ಮಂದಿ. ಮಾಮೂಲಿ ಮೇ ತಿಂಗಳಿಗಿಂತ 1,344 ಹೆಚ್ಚು! ಆದರೆ ಬಿಸಿಲು ಕೊಂದಿತು ಎಂದು ದಾಖಲೆಯಲ್ಲಿ ಬರೆಯುವುದು ಅಪರೂಪ. ಹೃದಯಾಘಾತ ಎಂದೋ, ಮೂತ್ರಪಿಂಡ ಕೈಕೊಟ್ಟಿತು ಎಂದೋ ಬರೆದು ಮುಗಿಸುತ್ತಾರೆ. ಪಾಲಿಕೆಯ ಮರಣ ನೋಂದಣಿಯನ್ನೇ ಮುಂದಿಟ್ಟುಕೊಂಡು ಸಂಶೋಧಕರು ಕೂಡಿ ಕಳೆದಾಗಲೇ ಈ ಲೆಕ್ಕ ಹೊರಬಿದ್ದದ್ದು.

ಗಾಂಧಿನಗರದ ಭಾರತೀಯ ಸಾರ್ವಜನಿಕ ಆರೋಗ್ಯ ಸಂಸ್ಥೆಯ ದಿಲೀಪ್ ಮಾವಳಂಕರ್ ಮತ್ತು ಸಂಗಡಿಗರು ವರದಿ ಒಪ್ಪಿಸಿ ಕೈತೊಳೆದುಕೊಳ್ಳಲಿಲ್ಲ. ಪಾಲಿಕೆಯ ಜೊತೆ ಕೂತು 2013ರಲ್ಲಿ ಬಿಸಿಲ ಕಾರ್ಯಯೋಜನೆ ಸಿದ್ಧಪಡಿಸಿದರು. ದಕ್ಷಿಣ ಏಷ್ಯಾದಲ್ಲೇ ಅದು ಮೊದಲನೆಯದು. 45 ಡಿಗ್ರಿ ಮುಟ್ಟುವ ಮುನ್ಸೂಚನೆ ಬಂದರೆ ರೆಡ್ ಅಲರ್ಟ್. ಅದನ್ನು ಯಾರು ಯಾರಿಗೆ ತಿಳಿಸಬೇಕು, ನೀರು, ಆಂಬುಲೆನ್ಸ್ ಯಾರ ಹೊಣೆ, ಎಲ್ಲವೂ ಮೊದಲೇ ಬರಹದಲ್ಲಿ ಇತ್ತು. ನನಗೆ ಯೋಜನೆಯ ಜೀವಾಳ ಕಾಣುವುದು ಇಲ್ಲೇ, ಉಷ್ಣಮಾಪಕದಲ್ಲಲ್ಲ.

ಯೋಜನೆಗೂ ಮೊದಲೇ ಅಹಮದಾಬಾದಿನ ಶಾರದಾಬೆನ್ ಆಸ್ಪತ್ರೆಯಲ್ಲಿ ಆದದ್ದನ್ನು ನೋಡಿ. ಅಲ್ಲಿ ಹೆರಿಗೆ ವಾರ್ಡು ಇದ್ದದ್ದು ಮೇಲಿನ ಮಹಡಿಯಲ್ಲಿ, ಕಾದ ತಾರಸಿಯ ಅಡಿಯಲ್ಲೇ. ಹುಟ್ಟಿ ನಾಲ್ಕಾರು ದಿನವೂ ಆಗದ ಕೂಸುಗಳಿಗೆ ಮೈ ಕಾವೇರುತ್ತಿತ್ತು. ವೈದ್ಯರು ದಾಖಲೆ ತಾಳೆ ನೋಡಿದರು. ವಾರ್ಡನ್ನು ಕೆಳಮಹಡಿಗೆ ಇಳಿಸಲಾಯಿತು. ಬಿಸಿಲಿನಿಂದ ಅಸ್ವಸ್ಥವಾಗುವ ಶಿಶುಗಳ ಸಂಖ್ಯೆಯೂ ಇಳಿಯಿತು. ಕೋಟಿಗಟ್ಟಲೆ ಖರ್ಚಿಲ್ಲ, ಟೆಂಡರಿನ ತಕರಾರಿಲ್ಲ. ಮುಂದೆ ಬಡವರ ಮನೆಗಳ ಚಾವಣಿಗೆ ಸುಣ್ಣ ಬಳಿಯುವುದೂ ಯೋಜನೆಯಲ್ಲಿ ಸೇರಿತು.

ಯೋಜನೆ ಜಾರಿಯಾದ ಬಳಿಕ ವರ್ಷಕ್ಕೆ ಸರಾಸರಿ 1,190 ಸಾವು ತಪ್ಪಿರಬಹುದು ಎಂಬುದು 2018ರಲ್ಲಿ ಪ್ರಕಟವಾದ ಅಧ್ಯಯನವೊಂದರ ಅಂದಾಜು. ಅಂದಾಜೇ ಇರಲಿ, ಅರ್ಧ ನಿಜವಾದರೂ ದೊಡ್ಡ ಮಾತು. ಈಗ ದೇಶದ ಅನೇಕ ರಾಜ್ಯ, ನಗರಗಳ ಬಳಿ ಇಂಥ ಯೋಜನೆಗಳಿವೆ. ಹಲವು ಒಂದನ್ನೊಂದು ನಕಲು ಮಾಡಿದಂತಿವೆ. ಹಣ ಎಲ್ಲಿಂದ, ಹೊಣೆ ಯಾರದು ಎಂಬ ಪುಟ ಮಾತ್ರ ತೆಳು. ತಜ್ಞರ ಸಲಹೆ ಸಾಯುವುದು ಆ ಪುಟದಲ್ಲೇ.

ಬಿಸಿಲಿನ ವಿಷಯದಲ್ಲಿ ನಮ್ಮ ಕಲಬುರಗಿ, ರಾಯಚೂರು ಯಾರಿಗೂ ಕಮ್ಮಿಯಿಲ್ಲ. ಬೇಸಿಗೆಯಲ್ಲಿ ಅಲ್ಲಿ ಸರ್ಕಾರಿ ಕಚೇರಿಗಳು ಬೆಳಿಗ್ಗೆ ಎಂಟಕ್ಕೇ ತೆರೆದು ಮಧ್ಯಾಹ್ನ ಒಂದೂವರೆಗೆ ಮುಚ್ಚುತ್ತವೆ. ಒಳ್ಳೆಯದೇ. ಆದರೆ ಆ ಆದೇಶ ನೌಕರರಿಗೆ ಮಾತ್ರ. ಮಟಮಟ ಮಧ್ಯಾಹ್ನ ರಸ್ತೆಗೆ ಡಾಂಬರು ಹಾಕುವವರಿಗಲ್ಲ. ನಿಮ್ಮೂರಿನ ಯೋಜನೆಯಲ್ಲಿ ಅವರ ಪಾಲಿಗೆ ಏನಿದೆ, ಮುಂದಿನ ಏಪ್ರಿಲ್ ಬರುವ ಮೊದಲೇ ಕೇಳಿ ನೋಡಿ.